ಕಲನಶಾಸ್ತ್ರವಿಲ್ಲದ ಭೌತಶಾಸ್ತ್ರ: ಪಾಠ, ಪ್ರಯೋಗ ಮತ್ತು ಜರ್ನಲ್

ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ನಾನಿರುವ ಕಟ್ಟಡದ ಎರಡನೆಯ ಮಹಡಿಗೆ ಪ್ರತಿ ವರ್ಷ ಜೂನ್ ತಿಂಗಳಲ್ಲಿ ಒಬ್ಬರಾದರೂ ತಂದೆಯೋ ತಾಯಿಯೋ ಮಕ್ಕಳನ್ನು ಕರೆದುಕೊಂಡು ಬರುತ್ತಾರೆ, ಕುಳಿತು ಐದು ನಿಮಿಷವಾಗುವಷ್ಟರಲ್ಲಿ ಅದೇ ಪ್ರಶ್ನೆಯನ್ನು ಮುಂದಿಡುತ್ತಾರೆ: "ಹನ್ನೆರಡನೆಯಲ್ಲಿ ಪಿಸಿಬಿ (ಭೌತ, ರಸಾಯನ, ಜೀವಶಾಸ್ತ್ರ) ತೆಗೆದುಕೊಂಡು ಗಣಿತ ಬಿಟ್ಟಿದ್ದಾಳೆ ಮಾಸ್ಟ್ರೇ, ಈಗ ಕಾಲೇಜಿನಲ್ಲಿ ಫಿಸಿಕ್ಸೂ ಇದೆಯಂತೆ, ನಿಭಾಯಿಸಲು ಆದೀತೇ?" ಕಾಲೇಜಿನ ಪ್ರಯೋಗಶಾಲೆಯೊಂದರಲ್ಲಿ ಬಹಳ ವರ್ಷ ಜರ್ನಲ್ (ಪ್ರಯೋಗಗಳ ದಾಖಲೆ ಪುಸ್ತಕ) ತಿದ್ದಿದವನಾದ್ದರಿಂದ ಆದೀತು ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಈ ಕೋರ್ಸಿನಲ್ಲಿ ಲೆಕ್ಕ ಬಾರದೆ ಸೋತವರಿಗಿಂತ, ಕಣ್ಣಿಗೆ ಕಂಡದ್ದನ್ನು ಚಿತ್ರವಾಗಿ, ಚಿತ್ರವನ್ನು ಅಕ್ಷರಗಳಾಗಿ, ಅಕ್ಷರಗಳನ್ನು ಕೊನೆಗೆ ಅಂಕಿಗಳಾಗಿ ಕಾಗದಕ್ಕಿಳಿಸುವ ಕ್ರಮವನ್ನು ಕಲಿಯದೆ ನೇರವಾಗಿ ಅಂಕಿಗೆ ಕೈ ಹಾಕಿ ಸೋತವರನ್ನೇ ನಾನು ಹೆಚ್ಚು ಕಂಡಿದ್ದೇನೆ.

ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಪದವಿಯ ಆರಂಭದ ಭೌತಶಾಸ್ತ್ರವನ್ನು ಸಾಮಾನ್ಯವಾಗಿ ಎರಡು ಬಗೆಯಾಗಿ ಕಲಿಸುತ್ತಾರೆ. ಎಂಜಿನಿಯರಿಂಗ್ ಮತ್ತು ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಕಲನಶಾಸ್ತ್ರವನ್ನು (ಕ್ಯಾಲ್ಕುಲಸ್) ಬಳಸಿ ಕಲಿಸಿದರೆ, ಜೀವವಿಜ್ಞಾನ, ವೈದ್ಯಕೀಯ, ಫಿಸಿಯೋಥೆರಪಿ ಮುಂತಾದ ಕಡೆಗೆ ಹೋಗುವವರಿಗೆ ಬೀಜಗಣಿತ ಮತ್ತು ತ್ರಿಕೋನಮಿತಿಯಷ್ಟನ್ನೇ ಬಳಸಿ ಕಲಿಸುತ್ತಾರೆ. ಈ ಎರಡನೆಯ ಬಗೆಯದು ಹೆಚ್ಚಾಗಿ ಎರಡು ಸೆಮಿಸ್ಟರುಗಳ ಕೋರ್ಸು: ಮೊದಲ ಸೆಮಿಸ್ಟರಿನಲ್ಲಿ ಚಲನೆ, ಬಲ, ಶಕ್ತಿ, ಸಂವೇಗ, ದ್ರವಗಳು, ಉಷ್ಣ ಮತ್ತು ಆಂದೋಲನ ಬಂದರೆ, ಎರಡನೆಯದರಲ್ಲಿ ವಿದ್ಯುತ್ತು, ಕಾಂತತೆ, ಬೆಳಕು ಮತ್ತು ಪರಮಾಣು ಬರುತ್ತವೆ, ಜೊತೆಗೆ ವಾರಕ್ಕೊಮ್ಮೆ ಎರಡು ಮೂರು ಗಂಟೆಯ ಲ್ಯಾಬ್ ಇರುತ್ತದೆ. ಮುಂಬಯಿಯಲ್ಲಿ ಈ ಹೆಸರಿನ ಕೋರ್ಸು ಕಾಣಸಿಗುವುದು ಅಪರೂಪ. ಆದರೂ 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಬಳಿಕ ಬೇರೆ ವಿಭಾಗದ ವಿಷಯವನ್ನು ಮೈನರ್ ಅಥವಾ ಓಪನ್ ಇಲೆಕ್ಟಿವ್ ಆಗಿ ತೆಗೆದುಕೊಳ್ಳುವ ಅವಕಾಶ ಬಂದಿರುವುದರಿಂದಲೂ, ಹೊರದೇಶದಲ್ಲಿ ಓದುವ ಉದ್ದೇಶದಿಂದ ಮೊದಲೇ ತಯಾರಾಗುವವರು ಹೆಚ್ಚಿರುವುದರಿಂದಲೂ, ಇಂಥ ಪಾಠವನ್ನು ಎದುರಿಸಬೇಕಾದ ಕನ್ನಡದ ಮಕ್ಕಳು ನಮ್ಮ ನಡುವೆ ಸಾಕಷ್ಟು ಇದ್ದಾರೆ.

ಸೇರುವ ಮೊದಲು

ಮೊದಲು ಸಿಲೆಬಸ್ ತೆಗೆದು ಎರಡು ಸಂಗತಿಗಳನ್ನು ನೋಡಿಕೊಳ್ಳಬೇಕು. ಅದರಲ್ಲಿ ಅವಕಲನ (ಡಿಫರೆನ್ಷಿಯೇಷನ್), ಅನುಕಲನ (ಇಂಟಿಗ್ರೇಷನ್) ಎಂಬ ಪದಗಳು ಅಲ್ಲಲ್ಲಿ ಕಾಣಿಸಿಕೊಂಡರೆ ಅದು ನಾನು ಹೇಳುತ್ತಿರುವ ಕೋರ್ಸಲ್ಲ, ಅದಕ್ಕೆ ಬೇರೆಯೇ ತಯಾರಿ ಬೇಕು. ಎರಡನೆಯದು ಕ್ರೆಡಿಟ್ಟಿನ ಲೆಕ್ಕ. ನಮ್ಮಲ್ಲಿ ಪಾಠದ ಒಂದು ಕ್ರೆಡಿಟ್ಟಿಗೆ ಸೆಮಿಸ್ಟರಿನಲ್ಲಿ 15 ಗಂಟೆಯಾದರೆ ಪ್ರಯೋಗದ ಒಂದು ಕ್ರೆಡಿಟ್ಟಿಗೆ 30 ಗಂಟೆ; ಅಂದರೆ ಅಂಕಪಟ್ಟಿಯಲ್ಲಿ ಚಿಕ್ಕದಾಗಿ ಕಾಣುವ ಲ್ಯಾಬು ವೇಳಾಪಟ್ಟಿಯಲ್ಲಿ ದೊಡ್ಡ ಜಾಗವನ್ನೇ ಹಿಡಿಯುತ್ತದೆ. ದಿನಕ್ಕೆ ಮೂರು ಗಂಟೆಯನ್ನು ಲೋಕಲ್ ಟ್ರೇನಿನಲ್ಲಿ ಕಳೆಯುವವರು ಇದನ್ನು ಮೊದಲೇ ಎಣಿಸಿಕೊಂಡು, ಲ್ಯಾಬ್ ಇರುವ ದಿನ ಸಂಜೆ ಬೇರೆ ಟ್ಯೂಷನ್ನು ಇಟ್ಟುಕೊಳ್ಳದಿರುವುದು ಒಳ್ಳೆಯದು. ಆ ದಿನದ ರೀಡಿಂಗುಗಳ ಲೆಕ್ಕವನ್ನು ಆ ರಾತ್ರಿಯೇ ಮುಗಿಸಿದರೆ ಒಂದು ಗಂಟೆಯ ಕೆಲಸ, ಭಾನುವಾರಕ್ಕೆ ಬಿಟ್ಟರೆ ಮೂರು ಗಂಟೆಯ ಕೆಲಸ.

ಗಣಿತ ಎಷ್ಟು ಬೇಕೆಂಬುದನ್ನು ಮನೆಯಲ್ಲೇ ಅರ್ಧ ಗಂಟೆಯಲ್ಲಿ ಪರೀಕ್ಷಿಸಿಕೊಳ್ಳಬಹುದು. ಅಂತಿಮ ವೇಗದ ವರ್ಗವು ಆರಂಭದ ವೇಗದ ವರ್ಗಕ್ಕೆ ವೇಗೋತ್ಕರ್ಷ ಮತ್ತು ದೂರಗಳ ಗುಣಲಬ್ಧದ ಎರಡರಷ್ಟನ್ನು ಕೂಡಿಸಿದ್ದಕ್ಕೆ ಸಮ ಎಂಬ ಸಮೀಕರಣವನ್ನು ಬರೆದುಕೊಂಡು, ಅದರಿಂದ ವೇಗೋತ್ಕರ್ಷವನ್ನು ಒಂಟಿಯಾಗಿ ಒಂದು ಕಡೆಗೆ ತರಲು ಬರುತ್ತದೆಯೇ ಎಂದು ನೋಡಬೇಕು. ಆಮೇಲೆ 6 ಓಮ್ ಮತ್ತು 3 ಓಮ್ ರೋಧಗಳನ್ನು ಸಮಾಂತರವಾಗಿ ಜೋಡಿಸಿದಾಗ ಬರುವ ಒಟ್ಟು ರೋಧವನ್ನು ಕಂಡುಹಿಡಿಯಬೇಕು. ವ್ಯುತ್ಕ್ರಮಗಳನ್ನು ಕೂಡಿಸಿ ಮೊತ್ತವನ್ನು ತಲೆಕೆಳಗು ಮಾಡಿದರೆ 2 ಓಮ್ ಬರುತ್ತದೆ. ಒಂದೊಂದನ್ನೂ ಬೇರೆಬೇರೆಯಾಗಿ ತಲೆಕೆಳಗು ಮಾಡಿ ಕೂಡಿಸಿದವರಿಗೆ 9 ಬರುತ್ತದೆ, ಮತ್ತು ಇದೇ ತಪ್ಪನ್ನು ಅವರು ಮುಂದೆ ಮಸೂರದ ಸೂತ್ರದಲ್ಲೂ ಮಾಡುತ್ತಾರೆ. ಹತ್ತರ ಘಾತಗಳಿಗೆ ಸೂರ್ಯನ ಬೆಳಕಿನ ಲೆಕ್ಕ ಸಾಕು: 15 ಕೋಟಿ ಕಿಲೋಮೀಟರ್ ದೂರವನ್ನು ಸೆಕೆಂಡಿಗೆ 3 ಲಕ್ಷ ಕಿಲೋಮೀಟರಿನಂತೆ ಕ್ರಮಿಸಲು 500 ಸೆಕೆಂಡು ಬೇಕೆಂಬುದು ಸೊನ್ನೆಗಳನ್ನು ಎಣಿಸದೆ ಘಾತಗಳಿಂದಲೇ ಬರಬೇಕು. ಕೊನೆಯದಾಗಿ, ಕ್ಯಾಲ್ಕುಲೇಟರಿನಲ್ಲಿ ಸೈನ್ 30 ಒತ್ತಿದಾಗ 0.5 ಬರದೆ ಋಣ ಚಿಹ್ನೆಯೊಂದಿಗೆ 0.988 ಬಂದರೆ ಅದು ಡಿಗ್ರಿಯಲ್ಲಿಲ್ಲ, ರೇಡಿಯನ್ನಿನಲ್ಲಿದೆ ಎಂದರ್ಥ. ಪರೀಕ್ಷೆಯ ದಿನ ಇದರಿಂದ ಅಂಕ ಕಳೆದುಕೊಂಡವರನ್ನು ಪ್ರತಿ ವರ್ಷ ಕಂಡಿದ್ದೇನೆ. ಈ ನಾಲ್ಕೂ ಬಂದರೆ ಸಾಕು. ಬಾರದಿದ್ದರೆ ಒಂಬತ್ತು ಮತ್ತು ಹತ್ತನೆಯ ತರಗತಿಯ ಬೀಜಗಣಿತದ ಪುಸ್ತಕದೊಂದಿಗೆ ಎರಡು ವಾರ ಕುಳಿತುಕೊಳ್ಳಬೇಕು.

ಪುಸ್ತಕಗಳ ವಿಷಯದಲ್ಲಿ ನನ್ನ ಸಲಹೆ ಚಿಕ್ಕದು. ಮಾಟುಂಗಾದ ಕಿಂಗ್ಸ್ ಸರ್ಕಲ್ಲಿನ ಫುಟ್‌ಪಾತಿನಲ್ಲಿ ಹಳೆಯ ಪುಸ್ತಕ ಮಾರುವವರ ಬಳಿ ಈ ಮಟ್ಟದ ದಪ್ಪ ಪುಸ್ತಕಗಳು ಸಿಗುತ್ತವೆ. ಹಿಂದಿನ ಆವೃತ್ತಿಯಾದರೂ ಚಿಂತೆಯಿಲ್ಲ, ಏಕೆಂದರೆ ನ್ಯೂಟನ್ನನ ನಿಯಮಗಳು ಆವೃತ್ತಿಗೊಮ್ಮೆ ಬದಲಾಗುವುದಿಲ್ಲ. ಒಂದನ್ನೇ ಕೊಂಡು ಅದನ್ನೇ ಹರಿಯುವಷ್ಟು ಬಳಸಬೇಕು.

ಮನೆಯ ಮಾತು, ಶಾಸ್ತ್ರದ ಮಾತು

ಮಹಾನಗರಪಾಲಿಕೆಯ ಕನ್ನಡ ಶಾಲೆಯಲ್ಲಿ ಹತ್ತರವರೆಗೆ ಓದಿ ಇಂಗ್ಲಿಷ್ ಪಾಠಕ್ಕೆ ಬಂದವರಿಗೆ ಭಾಷೆಯೇ ಅಡ್ಡಿ ಎಂದು ಹೇಳುವುದುಂಟು. ನನ್ನ ಅನುಭವದಲ್ಲಿ ಇಂಗ್ಲಿಷಿನಲ್ಲೇ ಓದಿದವರೂ ಅದೇ ಜಾಗದಲ್ಲಿ ಮುಗ್ಗರಿಸುತ್ತಾರೆ, ಏಕೆಂದರೆ ಅಡ್ಡಿ ಇರುವುದು ದಿನಬಳಕೆಯ ಪದಕ್ಕೂ ಶಾಸ್ತ್ರದ ಪದಕ್ಕೂ ನಡುವೆ. ಮನೆಯಲ್ಲಿ ನಾವು ಬಲ, ಶಕ್ತಿ, ಸಾಮರ್ಥ್ಯ ಎಂಬ ಮೂರನ್ನೂ ಒಂದರ ಬದಲು ಒಂದಾಗಿ ಬಳಸುತ್ತೇವೆ. ಭೌತಶಾಸ್ತ್ರದಲ್ಲಿ ಬಲವನ್ನು ನ್ಯೂಟನ್ನಿನಲ್ಲೂ, ಶಕ್ತಿಯನ್ನು ಜೂಲಿನಲ್ಲೂ, ಸಾಮರ್ಥ್ಯವನ್ನು ವ್ಯಾಟಿನಲ್ಲೂ ಅಳೆಯುತ್ತಾರೆ, ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಜವಕ್ಕೆ ದಿಕ್ಕಿಲ್ಲ, ವೇಗಕ್ಕೆ ದಿಕ್ಕುಂಟು. ದ್ರವ್ಯರಾಶಿ ಕಿಲೋಗ್ರಾಮಿನದು, ತೂಕವು ಭೂಮಿ ಎಳೆಯುವ ಬಲವಾದ್ದರಿಂದ ನ್ಯೂಟನ್ನಿನದು. ದಾದರಿನ ಮಾರುಕಟ್ಟೆಯಲ್ಲಿ ಎರಡು ಕಿಲೋ ತೂಕ ಎನ್ನುವುದು ವ್ಯಾಪಾರಕ್ಕೆ ಸರಿ, ಉತ್ತರಪತ್ರಿಕೆಗೆ ತಪ್ಪು.

ಕೆಲಸ ಎಂಬ ಪದವಂತೂ ಎಲ್ಲರನ್ನೂ ಕಾಡುತ್ತದೆ. ಉಡುಪಿ ಹೋಟೆಲಿನಲ್ಲಿ ಮೊಣಕೈವರೆಗೆ ದೋಸೆಯ ತಟ್ಟೆಗಳನ್ನು ಸಾಲಾಗಿ ಜೋಡಿಸಿಕೊಂಡು ಒಂದೇ ಎತ್ತರದಲ್ಲಿ ಹಿಡಿದು, ಸಮತಟ್ಟಾದ ನೆಲದ ಮೇಲೆ ಸಮವೇಗದಲ್ಲಿ ನಡೆದು ಬರುವ ಮಾಣಿ ಆ ತಟ್ಟೆಗಳ ಮೇಲೆ ಮಾಡುವ ಕೆಲಸ ಸೊನ್ನೆ ಎಂದರೆ ಮಾಣಿಗೆ ಸಿಟ್ಟು ಬಂದೀತು. ಆದರೆ ಅವನ ಕೈಯ ಬಲ ಮೇಲ್ಮುಖವಾಗಿದೆ, ಚಲನೆ ಅಡ್ಡವಾಗಿದೆ, ಎರಡರ ನಡುವೆ 90 ಡಿಗ್ರಿ ಇದೆ, ಮತ್ತು 90 ಡಿಗ್ರಿಯ ಕೊಸೈನ್ ಸೊನ್ನೆ. ಅವನಿಗೆ ದಣಿವಾಗುವುದು ಸ್ನಾಯುಗಳೊಳಗಿನ ಶಕ್ತಿವ್ಯಯದಿಂದ. ಆ ಲೆಕ್ಕ ಬೇರೆ. ಇಂಥ ಪದಗಳಿಗಾಗಿ ನೋಟ್‌ಬುಕ್ಕಿನ ಕೊನೆಯ ನಾಲ್ಕು ಪುಟಗಳನ್ನು ಮೀಸಲಿಟ್ಟು, ಪದ, ಅದರ ಕನ್ನಡ, ಅದರ ಮಾನ, ಅದಕ್ಕೆ ದಿಕ್ಕಿದೆಯೇ ಇಲ್ಲವೇ ಎಂಬುದನ್ನು ಬರೆದಿಡುವ ಅಭ್ಯಾಸವನ್ನು ನನ್ನಲ್ಲಿಗೆ ಬಂದ ಮಕ್ಕಳಿಗೆಲ್ಲ ಮಾಡಿಸಿದ್ದೇನೆ.

ಲೆಕ್ಕ ಬಿಡಿಸುವಾಗ ಅಂಕಿಯನ್ನು ತಡೆದು ಹಿಡಿಯುವುದು

ಪ್ರಶ್ನೆಯನ್ನು ಓದಿದ ಕೂಡಲೇ ಸೂತ್ರ ಹುಡುಕಿ ಅಂಕಿಗಳನ್ನು ತುಂಬುವ ಚಪಲವನ್ನು ಮೊದಲ ತಿಂಗಳಲ್ಲೇ ಬಿಡಬೇಕು. ಮೊದಲು ಚಿತ್ರ ಬರೆದು, ವಸ್ತುವನ್ನು ಸುತ್ತಲಿನದರಿಂದ ಬೇರ್ಪಡಿಸಿ, ಅದರ ಮೇಲೆ ಬೀಳುವ ಬಲಗಳನ್ನಷ್ಟೇ ಬಾಣಗಳಾಗಿ ತೋರಿಸಬೇಕು. ಧನ ದಿಕ್ಕು ಯಾವುದೆಂದು ಗುರುತು ಮಾಡಬೇಕು. ಆಮೇಲೆ ಅಕ್ಷರಗಳಲ್ಲಿ ಸಮೀಕರಣ ಬರೆದು, ಬೇಕಾದ ಅಕ್ಷರವನ್ನು ಒಂಟಿಯಾಗಿಸಿ, ಅಂಕಿಗಳನ್ನು ಕೊನೆಯ ಸಾಲಿಗೆ ತರಬೇಕು.

ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿರುವ ಬೆಸ್ಟ್ (ಮುಂಬಯಿಯ ನಗರ ಸಾರಿಗೆ) ಬಸ್ಸಿನ ಚಾಲಕ ಚಕ್ರಗಳನ್ನು ಪೂರ್ತಿ ಹಿಡಿಯುವಂತೆ ಬ್ರೇಕ್ ಹಾಕಿದ ಎಂದುಕೊಳ್ಳಿ. ಟೈರು ಮತ್ತು ರಸ್ತೆಯ ನಡುವಿನ ಘರ್ಷಣಾಂಕ 0.5. ಬಸ್ಸು ಎಷ್ಟು ದೂರ ಜಾರಿ ನಿಲ್ಲುತ್ತದೆ? ಇದನ್ನು ನೋಡಿದ ವಿದ್ಯಾರ್ಥಿ ಬಸ್ಸಿನ ದ್ರವ್ಯರಾಶಿಯನ್ನು ಕೊಟ್ಟಿಲ್ಲವಲ್ಲ ಎಂದು ಪೆನ್ನು ಕೆಳಗಿಡುತ್ತಾನೆ. ಅಕ್ಷರಗಳಲ್ಲಿ ಬರೆದವನಿಗೆ ಘರ್ಷಣೆಯ ಬಲದಲ್ಲೂ ದ್ರವ್ಯರಾಶಿ ಇದೆ, ಚಲನಶಕ್ತಿಯಲ್ಲೂ ದ್ರವ್ಯರಾಶಿ ಇದೆ, ಎರಡೂ ಕಡೆ ಹೊಡೆದುಹೋಗುತ್ತದೆ ಎಂಬುದು ಎರಡನೆಯ ಸಾಲಿನಲ್ಲೇ ಕಾಣುತ್ತದೆ. ದೂರವೆಂದರೆ ವೇಗದ ವರ್ಗವನ್ನು, ಘರ್ಷಣಾಂಕ ಮತ್ತು ಗುರುತ್ವ ವೇಗೋತ್ಕರ್ಷಗಳ ಗುಣಲಬ್ಧದ ಎರಡರಷ್ಟರಿಂದ ಭಾಗಿಸಿದ್ದು. 36 ಕಿಲೋಮೀಟರ್ ಎಂದರೆ ಸೆಕೆಂಡಿಗೆ 10 ಮೀಟರ್. ಉತ್ತರ ಸುಮಾರು 10.2 ಮೀಟರ್. ಬಸ್ಸು ತುಂಬಿದ್ದರೂ ಖಾಲಿಯಿದ್ದರೂ ಈ ಲೆಕ್ಕದಲ್ಲಿ ದೂರ ಒಂದೇ, ವೇಗ ಎರಡರಷ್ಟಾದರೆ ದೂರ ನಾಲ್ಕರಷ್ಟು, ಮಳೆಯಲ್ಲಿ ಘರ್ಷಣಾಂಕ 0.3ಕ್ಕೆ ಇಳಿದರೆ ದೂರ 17 ಮೀಟರಿಗೆ ಏರುತ್ತದೆ ಎಂಬ ಮೂರು ಸಂಗತಿಗಳೂ ಆ ಒಂದೇ ಸಾಲಿನಲ್ಲಿವೆ. ಆರಂಭದಲ್ಲೇ ಅಂಕಿ ತುಂಬಿದವನಿಗೆ 10.2 ಮಾತ್ರ ಸಿಗುತ್ತದೆ.

ಉತ್ತರ ಬಂದ ಮೇಲೆ ಅದರ ಮಾನವನ್ನೂ ಗಾತ್ರವನ್ನೂ ನೋಡುವುದಕ್ಕೆ ಅರ್ಧ ನಿಮಿಷ ಕೊಡಬೇಕು. ಎಡಗಡೆ ಮೀಟರ್ ಇದ್ದು ಬಲಗಡೆ ಸೆಕೆಂಡು ಉಳಿದಿದ್ದರೆ ಎಲ್ಲೋ ಒಂದು ಅಕ್ಷರ ಬಿದ್ದುಹೋಗಿದೆ. ಓಡುವ ಮನುಷ್ಯನ ವೇಗ ಸೆಕೆಂಡಿಗೆ 80 ಮೀಟರ್ ಎಂದು ಬರೆದು ಗಂಭೀರವಾಗಿ ಎರಡು ಗೆರೆ ಎಳೆದ ಉತ್ತರಪತ್ರಿಕೆಗಳನ್ನು ನಾನು ನೋಡಿದ್ದೇನೆ.

ಲ್ಯಾಬು, ಮತ್ತು ಕೂಡಿಸಿ ಬರೆದ ರೀಡಿಂಗು

ಈ ಕೋರ್ಸಿನ ನಿಜವಾದ ಭೌತಶಾಸ್ತ್ರ ಇರುವುದು ಲ್ಯಾಬಿನಲ್ಲಿ ಎಂಬುದು ನನ್ನ ಪಕ್ಷಪಾತ, ಅದನ್ನು ಮುಚ್ಚಿಡುವುದಿಲ್ಲ. ಮುಂಬಯಿಯ ಕಾಲೇಜುಗಳಲ್ಲಿ ಲ್ಯಾಬಿನ ದಾಖಲೆಯನ್ನು ಜರ್ನಲ್ ಎನ್ನುತ್ತಾರೆ, ಮತ್ತು ಹೆಚ್ಚಿನ ಕಡೆ ಸಹಿಯಾದ ಜರ್ನಲ್ ಇಲ್ಲದೆ ಪ್ರಾಕ್ಟಿಕಲ್ ಪರೀಕ್ಷೆಗೆ ಕೂರಿಸುವುದಿಲ್ಲ. ಈ ನಿಯಮದ ಫಲವಾಗಿ ಜರ್ನಲ್ ಎಂಬುದು ಕಲಿತದ್ದರ ದಾಖಲೆಯಾಗುವ ಬದಲು ಸಹಿ ಸಂಗ್ರಹಿಸುವ ಪುಸ್ತಕವಾಗಿಬಿಡುತ್ತದೆ, ಮತ್ತು ಹಿಂದಿನ ವರ್ಷದವರ ಜರ್ನಲ್ ಕೈಯಿಂದ ಕೈಗೆ ಹೋಗುತ್ತದೆ.

ನಾನೂ ಅದನ್ನೇ ಮಾಡಿದವನು. ಮೊದಲ ವರ್ಷದಲ್ಲಿ ಅನುರಣನ ನಳಿಕೆಯ (ರೆಸೊನೆನ್ಸ್ ಟ್ಯೂಬ್) ಪ್ರಯೋಗದ ದಿನ ನಾವು ನಾಲ್ವರು ಕ್ಯಾಂಟೀನಿನಲ್ಲಿ ಹೊತ್ತು ಕಳೆದು, ಸೀನಿಯರ್ ಒಬ್ಬರ ಜರ್ನಲ್ಲಿನಿಂದ 512 ಹರ್ಟ್ಸ್ ಟ್ಯೂನಿಂಗ್ ಫೋರ್ಕಿನ ಎರಡು ಅನುರಣನಗಳ ಅಂತರ 34.1 ಸೆಂಟಿಮೀಟರ್ ಎಂದು ಬರೆದು, ಶಬ್ದದ ವೇಗ ಸೆಕೆಂಡಿಗೆ 349 ಮೀಟರ್ ಎಂದು ಅಂದವಾಗಿ ಲೆಕ್ಕ ಹಾಕಿ ಕೊಟ್ಟೆವು. ಧಾರವಾಡದ ಕಡೆಯವರಾದ ನಮ್ಮ ಅಧ್ಯಾಪಕರು ಏನೂ ಮಾತಾಡದೆ ನಮ್ಮ ಬೆಂಚಿನ ಮೇಲಿದ್ದ ಫೋರ್ಕನ್ನು ತೆಗೆದು ನನ್ನ ಕೈಗೆ ಕೊಟ್ಟು ಅದರ ಮೇಲೇನು ಕೆತ್ತಿದೆ ಓದು ಎಂದರು. 480 ಎಂದಿತ್ತು. ಹಳೆಯದು ಕಾಣೆಯಾಗಿ ಆ ವರ್ಷ ಬೇರೆಯದನ್ನು ಇಟ್ಟಿದ್ದರಂತೆ. ಅವರು ಜರ್ನಲ್ಲಿನ ಅಂಚಿನಲ್ಲೇ 480ನ್ನು 34.1ರಿಂದಲೂ ಮತ್ತೆ ಎರಡರಿಂದಲೂ ಗುಣಿಸಿ 327 ಮೀಟರ್ ಎಂದು ಬರೆದು, ಶಬ್ದ ಇಷ್ಟು ನಿಧಾನವಾಗಿ ಹೋಗಬೇಕಾದರೆ ಗಾಳಿ ಸೊನ್ನೆಗಿಂತ ಆರೇಳು ಡಿಗ್ರಿ ಕೆಳಗಿರಬೇಕು ಎಂದು ತೋರಿಸಿ ಕೇಳಿದರು: "ಏನೋ ತಮ್ಮಾ, ಅವತ್ತ ನಮ್ಮ ಲ್ಯಾಬಿನ್ಯಾಗ ಬರ್ಫ ಬಿದ್ದಿತ್ತೇನು?" ಆ ಬೆವರು ಇನ್ನೂ ನೆನಪಿದೆ.

ಅವರು ಬಳಸಿದ ಸಂಬಂಧ ಸರಳವಾದದ್ದು: ಶಬ್ದದ ವೇಗ ಸೊನ್ನೆ ಡಿಗ್ರಿಯಲ್ಲಿ ಸೆಕೆಂಡಿಗೆ ಸುಮಾರು 331 ಮೀಟರ್, ಮೇಲೆ ಪ್ರತಿ ಡಿಗ್ರಿ ಸೆಲ್ಸಿಯಸ್ಸಿಗೆ ಸುಮಾರು 0.6 ಮೀಟರ್ ಹೆಚ್ಚು. ಪುಸ್ತಕಗಳಲ್ಲಿರುವ 343 ಎಂಬುದು 20 ಡಿಗ್ರಿಯ ಕೋಣೆಯದು. 30 ಡಿಗ್ರಿಯ ಮುಂಬಯಿ ಲ್ಯಾಬಿನಲ್ಲಿ 349ರ ಹತ್ತಿರ ಬರುವುದೇ ಸರಿ. 343 ಬರಲಿಲ್ಲವೆಂದು ರೀಡಿಂಗನ್ನು ತಿದ್ದುವವನು ಸರಿಯಾದದ್ದನ್ನು ಅಳಿಸಿ ತಪ್ಪನ್ನು ಬರೆಯುತ್ತಾನೆ. ಈ ಪ್ರಯೋಗದಲ್ಲಿ ಒಂದೇ ಅನುರಣನದ ಉದ್ದವನ್ನು ಬಳಸದೆ ಎರಡರ ವ್ಯತ್ಯಾಸವನ್ನು ಬಳಸಲೂ ಕಾರಣವಿದೆ: ಕಂಪನ ನಳಿಕೆಯ ಬಾಯಿಯಿಂದ ಸ್ವಲ್ಪ ಹೊರಗೆ ಚಾಚಿರುತ್ತದೆ, ಆ ಹೆಚ್ಚುವರಿ ಉದ್ದ ಎರಡರಲ್ಲೂ ಸಮನಾಗಿರುವುದರಿಂದ ಕಳೆದಾಗ ಮಾಯವಾಗುತ್ತದೆ.

ಸರಳ ಲೋಲಕವನ್ನು ಎಲ್ಲರೂ ಮಾಡುತ್ತಾರೆ, ಸುಲಭವೆಂದು ಎಲ್ಲರೂ ಅಸಡ್ಡೆ ಮಾಡುತ್ತಾರೆ, ಮತ್ತು ಹೆಚ್ಚು ಕಲಿಸುವ ಪ್ರಯೋಗವೂ ಅದೇ. ಜರ್ನಲ್ಲುಗಳಲ್ಲಿ ಗುರುತ್ವ ವೇಗೋತ್ಕರ್ಷ ಸೆಂಟಿಮೀಟರಿನ ಲೆಕ್ಕದಲ್ಲಿ 980 ಅಥವಾ 981 ಎಂದು ಬಂದಿರುತ್ತದೆ, ಅದೂ ಕರಾರುವಾಕ್ಕಾಗಿ. ಮುಂಬಯಿ ಭೂಮಧ್ಯರೇಖೆಗೆ ಹತ್ತಿರದಲ್ಲಿ, 19 ಡಿಗ್ರಿ ಅಕ್ಷಾಂಶದಲ್ಲಿರುವುದರಿಂದ ಇಲ್ಲಿ ಅದರ ಬೆಲೆ ಮೀಟರಿನ ಲೆಕ್ಕದಲ್ಲಿ ಸುಮಾರು 9.79, 9.81 ಎಂಬುದು ಯುರೋಪಿನ ಅಕ್ಷಾಂಶಗಳದು. ಈಗ ನಿಮ್ಮ ಸ್ಟಾಪ್‌ವಾಚಿನಿಂದ ಈ ವ್ಯತ್ಯಾಸವನ್ನು ಕಾಣಲು ಸಾಧ್ಯವೇ ಎಂದು ನೋಡಿ. ಒಂದು ಮೀಟರ್ ಉದ್ದದ ಲೋಲಕ 20 ಆಂದೋಲನಗಳಿಗೆ ಸುಮಾರು 40.2 ಸೆಕೆಂಡು ತೆಗೆದುಕೊಳ್ಳುತ್ತದೆ. ಎರಡು ಬೆಲೆಗಳ ನಡುವಿನ ವ್ಯತ್ಯಾಸ ಅಷ್ಟು ಹೊತ್ತಿನಲ್ಲಿ 0.04 ಸೆಕೆಂಡು ಮಾತ್ರ. ಬೆರಳು ಒತ್ತುವುದರಲ್ಲಿ ಆಗುವ ಹಿಂದುಮುಂದು 0.2 ಸೆಕೆಂಡಿನಷ್ಟು. ಅದು 40ರಲ್ಲಿ ಶೇಕಡಾ ಅರ್ಧ. ಸೂತ್ರದಲ್ಲಿ ಕಾಲದ ವರ್ಗವಿರುವುದರಿಂದ ಉತ್ತರದಲ್ಲಿ ಶೇಕಡಾ ಒಂದು, ಅಂದರೆ 0.1. ಆದ್ದರಿಂದ ಪ್ರಾಮಾಣಿಕವಾದ ಉತ್ತರ 9.8, ಹೆಚ್ಚುಕಡಿಮೆ 0.1. ಕ್ಯಾಲ್ಕುಲೇಟರ್ ತೋರಿಸಿದ 9.78653 ಎಂಬುದನ್ನು ಪೂರ್ತಿ ನಕಲು ಮಾಡಿದರೆ ಅದರಲ್ಲಿ ಕೊನೆಯ ನಾಲ್ಕು ಅಂಕಿಗಳನ್ನು ಅಳೆದವರು ಯಾರೂ ಇಲ್ಲ.

ಉತ್ತರ ಕೆಟ್ಟರೆ ಅದನ್ನು ಮುಚ್ಚದೆ, ಎಷ್ಟು ಕೆಟ್ಟಿದೆ ಎಂಬುದರಿಂದ ಕಾರಣವನ್ನು ಹುಡುಕಬಹುದು. 10.8ರ ಆಸುಪಾಸು ಬಂದರೆ ಎಣಿಕೆಯಲ್ಲಿ ತಪ್ಪಿದೆ: ಗಡಿಯಾರ ಒತ್ತುವಾಗ ಸೊನ್ನೆ ಎನ್ನುವ ಬದಲು ಒಂದು ಎಂದವರು 19 ಆಂದೋಲನಗಳನ್ನೇ 20 ಎಂದು ತಿಳಿದಿರುತ್ತಾರೆ. ಶೇಕಡಾ ಒಂದರಷ್ಟು ಕಡಿಮೆ ಬಂದರೆ ದಾರದ ಉದ್ದವನ್ನು ಗುಂಡಿನ ಕೊಂಡಿಯವರೆಗೆ ಅಳೆದು ಗುಂಡಿನ ತ್ರಿಜ್ಯವನ್ನು ಸೇರಿಸಲು ಮರೆತಿರಬಹುದು. ಅದಕ್ಕಿಂತ ತುಸು ಹೆಚ್ಚೇ ಇಳಿದರೆ ಲೋಲಕವನ್ನು ಹುಮ್ಮಸ್ಸಿನಿಂದ 20 ಡಿಗ್ರಿಯವರೆಗೆ ಎಳೆದು ಬಿಟ್ಟಿರಬಹುದು. ಅಷ್ಟು ಅಗಲಕ್ಕೆ ಕಾಲ ಶೇಕಡಾ 0.77ರಷ್ಟು ಹೆಚ್ಚುತ್ತದೆ, 10 ಡಿಗ್ರಿಯೊಳಗೆ ಇಟ್ಟರೆ ಶೇಕಡಾ 0.2ನ್ನೂ ಮೀರುವುದಿಲ್ಲ.

ಇನ್ನೂ ಒಳ್ಳೆಯ ದಾರಿಯೆಂದರೆ ಐದಾರು ಉದ್ದಗಳಿಗೆ ಕಾಲವನ್ನು ಅಳೆದು, ಕಾಲದ ವರ್ಗವನ್ನು ಉದ್ದಕ್ಕೆದುರಾಗಿ ನಕ್ಷೆ ಎಳೆಯುವುದು. ಸರಳರೇಖೆಯ ಇಳಿಜಾರಿನಿಂದ ಗುರುತ್ವ ವೇಗೋತ್ಕರ್ಷ ಸಿಗುತ್ತದೆ. ತ್ರಿಜ್ಯವನ್ನು ಮರೆತವರ ರೇಖೆ ಮೂಲಬಿಂದುವಿನ ಮೂಲಕ ಹೋಗದೆ ನಿಲುವಕ್ಷವನ್ನು ಸ್ವಲ್ಪ ಮೇಲೆ ಕತ್ತರಿಸುತ್ತದೆ, ತ್ರಿಜ್ಯ ಒಂದು ಸೆಂಟಿಮೀಟರಿದ್ದರೆ 0.04ರಲ್ಲಿ, ಆದರೆ ಇಳಿಜಾರು ಬದಲಾಗುವುದಿಲ್ಲ. ಅಂದರೆ ನಕ್ಷೆ ನಿಮ್ಮ ತಪ್ಪನ್ನು ಉತ್ತರದಿಂದ ಬೇರ್ಪಡಿಸಿ ಪಕ್ಕಕ್ಕೆ ಇಟ್ಟು ತೋರಿಸುತ್ತದೆ. ನಕ್ಷೆ ಎಳೆಯುವಾಗ ಬಿಂದುಗಳನ್ನು ಒಂದಕ್ಕೊಂದು ಜೋಡಿಸುತ್ತಾ ಅಂಕುಡೊಂಕಾಗಿ ಹೋಗಬಾರದು; ಎಲ್ಲ ಬಿಂದುಗಳ ನಡುವೆ ಹಾದುಹೋಗುವ ಒಂದೇ ರೇಖೆಯನ್ನು ಪಾರದರ್ಶಕ ಸ್ಕೇಲಿನಿಂದ ಎಳೆಯಬೇಕು, ಇಳಿಜಾರನ್ನು ರೇಖೆಯ ಮೇಲೆ ದೂರದೂರದ ಎರಡು ಬಿಂದುಗಳಿಂದ ತೆಗೆಯಬೇಕು.

ಉಪಕರಣಗಳ ಬಗ್ಗೆ ಕೆಲವು ಮಾತು ಸಾಕು. ವರ್ನಿಯರ್ ಕ್ಯಾಲಿಪರನ್ನಾಗಲಿ ಸ್ಕ್ರೂಗೇಜನ್ನಾಗಲಿ ಕೈಗೆತ್ತಿಕೊಂಡ ಕೂಡಲೇ ಮುಚ್ಚಿ, ಸೊನ್ನೆಯ ಮೇಲೆ ಸೊನ್ನೆ ಬರುತ್ತದೆಯೇ ನೋಡಿ, ಬಾರದಿದ್ದರೆ ಆ ಶೂನ್ಯ ದೋಷವನ್ನು ಕೋಷ್ಟಕಕ್ಕಿಂತ ಮೊದಲೇ ಬರೆದಿಡಬೇಕು. ಸ್ಕ್ರೂಗೇಜನ್ನು ಒಂದೇ ದಿಕ್ಕಿನಲ್ಲಿ ತಿರುಗಿಸಬೇಕು. ಹಿಂದೆ ಮುಂದೆ ತಿರುಗಿಸಿದರೆ ತಿರುಪಿನ ಸಡಿಲದಿಂದ ರೀಡಿಂಗು ಕೆಡುತ್ತದೆ. ಮಲ್ಟಿಮೀಟರಿನಲ್ಲಿ ಪ್ರವಾಹವನ್ನು ಅಳೆಯುವಾಗ ಅದನ್ನು ಸರಣಿಯಲ್ಲೇ ಜೋಡಿಸಬೇಕು. ಬ್ಯಾಟರಿಗೆ ಅಡ್ಡವಾಗಿ ಹಿಡಿದರೆ ಫ್ಯೂಸು ಹೋಗುತ್ತದೆ, ಅಟೆಂಡರ್ ಮಾಮನ ಮುಖವೂ ಕೆಡುತ್ತದೆ. ಲ್ಯಾಬಿನಲ್ಲಿ ಕೈ ನಡುಗುವವರು ಗ್ರಾಂಟ್ ರೋಡ್ ಸ್ಟೇಷನ್ನಿನ ಹತ್ತಿರದ ಲ್ಯಾಮಿಂಗ್ಟನ್ ರೋಡಿನಲ್ಲಿ ಕೆಲವು ನೂರು ರೂಪಾಯಿಗೆ ಒಂದು ಮಲ್ಟಿಮೀಟರನ್ನೂ, ಹತ್ತಾರು ರೋಧಕಗಳನ್ನೂ, ಒಂದು ಬ್ಯಾಟರಿ ಹೋಲ್ಡರನ್ನೂ ಕೊಂಡು ಮನೆಯಲ್ಲಿ ಅಭ್ಯಾಸ ಮಾಡಬಹುದು. ಮನೆಯ ಪ್ಲಗ್ಗಿನ ಕರೆಂಟಿಗೆ ಮಾತ್ರ ಅದನ್ನು ಹಚ್ಚಬಾರದು.

ಸ್ಥಾಯಿ ವಿದ್ಯುತ್ತಿನ ಪ್ರಯೋಗಗಳನ್ನು ಜುಲೈ ತಿಂಗಳಲ್ಲಿ ಇಟ್ಟುಕೊಂಡ ಕಾಲೇಜಿನಲ್ಲಿದ್ದರೆ ನಿಮ್ಮ ದುರದೃಷ್ಟ; ಮುಂಬಯಿಯ ಮಳೆಗಾಲದ ತೇವದಲ್ಲಿ ಉಜ್ಜಿದ ಕಡ್ಡಿಯ ಆವೇಶ ಕಾಗದದ ಚೂರನ್ನು ಎತ್ತುವ ಮೊದಲೇ ಸೋರಿಹೋಗುತ್ತದೆ. ಕಾಂತತೆಯ ಪ್ರಯೋಗದಲ್ಲಿ ದಿಕ್ಸೂಚಿಯ ಮುಳ್ಳು ಸುಮ್ಮನೆ ವಾಲಿದರೆ ಮೊದಲು ಜೇಬಿನ ಮೊಬೈಲನ್ನು ದೂರವಿಡಬೇಕು, ಏಕೆಂದರೆ ಅದರ ಸ್ಪೀಕರಿನಲ್ಲಿ ಕಾಂತವಿದೆ. ಇದು ಸಣ್ಣ ವಿಷಯವಲ್ಲ: ಮುಂಬಯಿಗೆ ವಿದ್ಯುತ್ ಟ್ರಾಮು ಬರಲಿದೆ, ಅದರ ಪ್ರವಾಹ ಭೂಕಾಂತತೆಯ ಅಳತೆಯನ್ನು ಕೆಡಿಸುತ್ತದೆ ಎಂಬ ಕಾರಣಕ್ಕೆ ಕೊಲಾಬಾದಲ್ಲಿದ್ದ ಕಾಂತೀಯ ವೀಕ್ಷಣಾಲಯದ ಕೆಲಸವನ್ನೇ 1904ರಲ್ಲಿ ಕೊಲ್ಲಿಯಾಚೆಯ ಅಲಿಬಾಗಿಗೆ ಸಾಗಿಸಿದರು.

ಜರ್ನಲ್ಲಿನ ಬರವಣಿಗೆಯಲ್ಲಿ ನಾನು ಒಂದೇ ವಿಷಯಕ್ಕೆ ಹಟ ಹಿಡಿಯುತ್ತೇನೆ. ರೀಡಿಂಗನ್ನು ನೇರವಾಗಿ ಪೆನ್ನಿನಲ್ಲಿ ಬರೆಯಬೇಕು, ತಪ್ಪಾದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದನ್ನು ಬರೆಯಬೇಕು, ವೈಟ್ನರ್ ಮುಟ್ಟಬಾರದು. ಗೆರೆಯ ಕೆಳಗಿನ ಅಂಕಿ ಮುಂದೆ ಕೆಲಸಕ್ಕೆ ಬರುತ್ತದೆ. ಎಷ್ಟೋ ಸಲ ತಪ್ಪೆಂದು ಹೊಡೆದದ್ದೇ ಸರಿಯಾಗಿರುತ್ತದೆ.

ಪರೀಕ್ಷೆ ಮತ್ತು ವೈವಾ

ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಕೇಳುವ ಪ್ರಶ್ನೆಗಳು ಬಹುಪಾಲು ನಿಮ್ಮ ಜರ್ನಲ್ಲಿನಿಂದಲೇ ಬರುತ್ತವೆ. ಇಪ್ಪತ್ತೇ ಆಂದೋಲನ ಏಕೆ, ಹತ್ತು ಸಾಲದೇ, ಗುಂಡಿನ ದ್ರವ್ಯರಾಶಿ ಹೆಚ್ಚಿದರೆ ಕಾಲ ಬದಲಾಗುತ್ತದೆಯೇ, ಈ ಬಿಂದು ರೇಖೆಯಿಂದ ದೂರವಿದೆಯಲ್ಲ ಏನಾಯಿತು ಎಂದು ಕೇಳಿದಾಗ, ತಾನೇ ಪ್ರಯೋಗ ಮಾಡಿದವನು ತಡವರಿಸಿಕೊಂಡಾದರೂ ಉತ್ತರ ಹೇಳುತ್ತಾನೆ. ಇಂಗ್ಲಿಷ್ ತೊದಲಿದರೆ ಅಂಕ ಹೋಗುತ್ತದೆಂದು ಹೆದರುವವರು ಉತ್ತರವನ್ನು ಚಿತ್ರದಿಂದ ಆರಂಭಿಸಲಿ. ಕಾಗದದ ಮೇಲೆ ಲೋಲಕವನ್ನು ಬರೆದು ಬಾಣ ಹಾಕಿದ ವಿದ್ಯಾರ್ಥಿಯ ವ್ಯಾಕರಣವನ್ನು ನಾನಂತೂ ಎಂದೂ ಗಮನಿಸಿಲ್ಲ.

ಲಿಖಿತ ಪರೀಕ್ಷೆಗೆ ಹಳೆಯ ಪ್ರಶ್ನೆಪತ್ರಿಕೆಗಳನ್ನು ಓದುವುದಲ್ಲ, ಗಡಿಯಾರ ಇಟ್ಟುಕೊಂಡು ಬಿಡಿಸಬೇಕು. ಯಾಂತ್ರಿಕಶಾಸ್ತ್ರದ ಮೊದಲ ಆರು ವಾರ ಹಿಂದೆ ಬಿದ್ದರೆ ಮುಂದಿನ ಎಲ್ಲದರಲ್ಲೂ ಹಿಂದೆ ಬಿದ್ದಂತೆ, ಏಕೆಂದರೆ ವಿದ್ಯುತ್ ಕ್ಷೇತ್ರದ ಪಾಠದಲ್ಲೂ ಅದೇ ಬಲ, ಅದೇ ಶಕ್ತಿ ಮತ್ತೆ ಬರುತ್ತವೆ. ಇಷ್ಟಾಗಿಯೂ ಕೆಟಿ ಬಿದ್ದರೆ, ಅಂದರೆ ಈ ವಿಷಯದಲ್ಲಿ ನಪಾಸಾಗಿ ಮತ್ತೆ ಬರೆಯಬೇಕಾದರೆ, ಮನೆಯಲ್ಲಿ ಶೋಕಾಚರಣೆ ಬೇಡ. ಯಾವ ಅಧ್ಯಾಯದಲ್ಲಿ ಹೋಯಿತೆಂದು ನೋಡಿ ಅದೊಂದನ್ನೇ ಮೊದಲಿನಿಂದ ಮಾಡಿದರಾಯಿತು.

ಬಿಡುವಿದ್ದಾಗ ವರ್ಲಿಯ ನೆಹರೂ ವಿಜ್ಞಾನ ಕೇಂದ್ರಕ್ಕೆ ಹೋಗಿ, ಅಲ್ಲಿಯ ಉಪಕರಣಗಳನ್ನು ಮಕ್ಕಳೊಂದಿಗೆ ಸಾಲಿನಲ್ಲಿ ನಿಂತಾದರೂ ಕೈಯಿಂದ ಮುಟ್ಟಿ ಆಡಿಸಿ ನೋಡಬೇಕು.

ಅದಕ್ಕೂ ಸಮಯವಿಲ್ಲದವರಿಗೆ ಲೋಕಲ್ ಟ್ರೇನೇ ಇದೆ. ಗರ್ದಿ ಇಲ್ಲದ ಮಧ್ಯಾಹ್ನದ ಹೊತ್ತಿನಲ್ಲಿ, ಬಾಗಿಲಿನಿಂದ ದೂರದ ಸೀಟಿನಲ್ಲಿ ಕುಳಿತು, ಅರ್ಧ ಮೀಟರ್ ದಾರಕ್ಕೆ ಮನೆಯ ಬೀಗದ ಕೈಗಳನ್ನು ಕಟ್ಟಿ ಮೇಲಿನ ಸಾಮಾನಿನ ಕಂಬಿಯಿಂದ ಇಳಿಬಿಡಬೇಕು. ಗಾಡಿ ನಿಂತಿದ್ದಾಗ ಬೀಗದ ಕೈಗಳು ಇರುವ ಜಾಗಕ್ಕೆ ಒಂದು ಸ್ಕೇಲನ್ನು ಅಡ್ಡವಾಗಿ ಹಿಡಿದಿದ್ದರೆ, ಗಾಡಿ ಹೊರಟ ಕೂಡಲೇ ಅವು ಹಿಂದಕ್ಕೆ ಸರಿಯುವುದು ಕಾಣುತ್ತದೆ. ಒಂದೆರಡು ತೂಗಾಟದ ಬಳಿಕ ನಾನು ನೋಡಿದ ದಿನ ಸುಮಾರು ಎರಡೂವರೆ ಸೆಂಟಿಮೀಟರಿನಲ್ಲಿ ನಿಂತವು. ಬಲಗಳ ಚಿತ್ರ ಬರೆದರೆ ವೇಗೋತ್ಕರ್ಷವು ಗುರುತ್ವ ವೇಗೋತ್ಕರ್ಷವನ್ನು ವಾಲಿದ ಕೋನದ ಟ್ಯಾಂಜೆಂಟಿನಿಂದ ಗುಣಿಸಿದ್ದು ಎಂದು ಬರುತ್ತದೆ. ಕೋನ ಚಿಕ್ಕದಾದ್ದರಿಂದ ಟ್ಯಾಂಜೆಂಟಿನ ಬದಲು 2.5ನ್ನು 50ರಿಂದ ಭಾಗಿಸಿದರೂ ನಡೆಯುತ್ತದೆ, 9.79ನ್ನು 0.05ರಿಂದ ಗುಣಿಸಿದರೆ ಸುಮಾರು 0.49. ಬೀಗದ ಕೈಗಳ ದ್ರವ್ಯರಾಶಿ ಇಲ್ಲೂ ಹೊಡೆದುಹೋಗಿದೆ. ಮುಂದಿನ ಸ್ಟೇಷನ್ ಬಂದು ಬ್ರೇಕ್ ಹಾಕಿದಾಗ ಅವು ಮುಂದಕ್ಕೆ ವಾಲುತ್ತವೆ. ಎಷ್ಟು ಎಂಬುದನ್ನು ಬರೆದುಕೊಳ್ಳಿ, ಮತ್ತು ಇಳಿಯುವ ಮೊದಲು ಬೀಗದ ಕೈಗಳನ್ನು ಬಿಚ್ಚಿಕೊಳ್ಳಲು ಮರೆಯಬೇಡಿ.